ಮಲೆನಾಡಿನ ಕೆಸರು, ಒಂದು ಸೈಕಲ್, ನಾಲ್ಕು ತುಂಡು ಪಾರದರ್ಶಕ ಹಾಳೆ

ಸೈಕಲ್ ಫ್ರೇಮಿಗೆ ಪಿಪಿಎಫ್ (ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಬಣ್ಣ ಉಳಿಸಲು ಅಂಟಿಸುವ ಪಾರದರ್ಶಕ ಹಾಳೆ) ಹಾಕೋಣ ಅನ್ನುವವರು ಮೊದಲು ಕೇಳುವುದು ಹಾಳೆಯ ಬಗ್ಗೆ. ಯಾವ ಕಂಪನಿಯದ್ದು, ಎಷ್ಟು ದಪ್ಪ, ಎಷ್ಟು ದುಡ್ಡು. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ನಿಮ್ಮ ಸೈಕಲ್ಲಿನ ಬಣ್ಣ ಎಲ್ಲಿ ಹೋಗುತ್ತಿದೆ, ಯಾವುದರಿಂದ ಹೋಗುತ್ತಿದೆ ಅನ್ನುವುದನ್ನು ಮೊದಲು ನೋಡಬೇಕು. ಅದಕ್ಕೆ ಉತ್ತರ ಸಿಕ್ಕರೆ ಇಡೀ ಫ್ರೇಮನ್ನು ಮುಚ್ಚುವ ಗೋಜೇ ಬೇಡ, ಕೆಲವು ಕಡೆ ಸರಿಯಾಗಿ ಅಂಟಿಸಿದರೆ ಸಾಕು, ಮತ್ತು ಅಷ್ಟನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಇದನ್ನು ಒಂದೇ ಒಂದು ಸೈಕಲ್ ಹಿಡಿದು ಹೇಳುತ್ತೇನೆ. ಸುಮ್ನೆ ಬಾಯಲ್ಲಿ ಹೇಳಿದರೆ ಎಲ್ಲ ಸುಲಭ ಅನ್ನಿಸುತ್ತದೆ, ತೊಡಕು ಕಾಣುವುದು ಕೈ ಹಾಕಿದಾಗಲೇ.

ಸೈಕಲ್ ನನ್ನ ಭಾಮೈದನದ್ದು. ಊರು ತೀರ್ಥಹಳ್ಳಿ. ಅವನು ಓಡಾಡುವುದು ಆಗುಂಬೆ, ಕೊಪ್ಪ, ಕುಪ್ಪಳಿ ಕಡೆಯ ರಸ್ತೆಗಳಲ್ಲಿ, ಅರ್ಧ ಟಾರು, ಅರ್ಧ ಅಡಿಕೆ ತೋಟದ ಮಣ್ಣುದಾರಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಗಾಲವೆಲ್ಲ ಸೈಕಲ್ಲಿಗೆ ಕೆಸರು, ಬೇಸಿಗೆಯೆಲ್ಲ ಕೆಂಪು ಧೂಳು. ಹೊಸ ಸೈಕಲ್ ಅಲ್ಯೂಮಿನಿಯಂ ಫ್ರೇಮಿನ ಗ್ರ್ಯಾವೆಲ್ ಬೈಕ್, ಅಂದರೆ ಟಾರು, ಮಣ್ಣು ಎರಡಕ್ಕೂ ಆಗುವ ಸೈಕಲ್. ಫೋರ್ಕ್ ಕಾರ್ಬನ್, ಬ್ರೇಕ್ ಡಿಸ್ಕ್, ಬಣ್ಣ ಹೊಳೆಯುವ ಕಡು ಹಸಿರು. ಬ್ರೇಕ್ ಮತ್ತು ಗೇರಿನ ಕೇಬಲ್‌ಗಳು ಹ್ಯಾಂಡಲ್ಲಿನಿಂದ ಹೊರಗೇ ಬಂದು, ಡೌನ್ ಟ್ಯೂಬಿನ (ಹ್ಯಾಂಡಲ್ಲಿನ ಕಡೆಯಿಂದ ಪೆಡಲಿನ ಕಡೆಗೆ ಇಳಿಯುವ ಪೈಪು) ಮೇಲ್ತುದಿಯಲ್ಲಿ ಫ್ರೇಮಿನ ಒಳಗೆ ಹೋಗುತ್ತವೆ.

"ಭಾವ, ಇಡೀ ಫ್ರೇಮಿಗೇ ಹಾಕಿಬಿಡೋಣ" ಅಂದ. "ಹಳೇ ಸೈಕಲ್ ಇದೆಯಲ್ಲ, ಮೊದಲು ಅದನ್ನು ತಗೊಂಡು ಬಾ" ಅಂದೆ.

ಹಳೇ ಫ್ರೇಮಿನಲ್ಲಿ ಕಂಡದ್ದು

ಹಳೆಯದೂ ಅಲ್ಯೂಮಿನಿಯಮ್ಮೇ, ಅದೇ ದಾರಿಗಳಲ್ಲಿ ವರ್ಷಗಟ್ಟಲೆ ಓಡಿದ್ದು. ತೊಳೆದು, ಅಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಬೆಳಕಿನಲ್ಲಿ ಒಂದೊಂದೇ ಪೈಪು ನೋಡುತ್ತಾ ಹೋದೆವು. ನಿಮ್ಮ ಹತ್ತಿರ ಹಳೆಯ ಸೈಕಲ್ ಇದ್ದರೆ ದಯವಿಟ್ಟು ಇದನ್ನು ಮಾಡಿ. ನೀವು ಹೇಗೆ ಓಡಿಸುತ್ತೀರಿ, ಎಲ್ಲಿ ಒರಗಿಸುತ್ತೀರಿ, ಯಾವ ಬ್ಯಾಗು ಕಟ್ಟುತ್ತೀರಿ ಅನ್ನುವುದೆಲ್ಲ ಅದರ ಮೈಮೇಲೆ ದಾಖಲಾಗಿರುತ್ತದೆ.

ಹ್ಯಾಂಡಲ್ಲಿನ ಕೆಳಗಿನ ಗಿಡ್ಡ ಪೈಪು, ಹೆಡ್ ಟ್ಯೂಬಿನ ಎರಡೂ ಪಕ್ಕ ಅರ್ಧಚಂದ್ರದ ಹಾಗೆ ಬಣ್ಣ ಪೂರ್ತಿ ಹೋಗಿ ಲೋಹ ಕಾಣುತ್ತಿತ್ತು. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಕೇಬಲ್ ಅಲ್ಲಿ ಉಜ್ಜುತ್ತದೆ. ಹ್ಯಾಂಡಲ್ಲಿನಿಂದ ಸೀಟಿನ ಕಡೆಗೆ ಹೋಗುವ ಮೇಲಿನ ಪೈಪು, ಟಾಪ್ ಟ್ಯೂಬಿನಲ್ಲಿ ಅದಕ್ಕಿಂತ ಕೆಟ್ಟದಾಗಿತ್ತು. ಫ್ರೇಮ್ ಬ್ಯಾಗಿನ ವೆಲ್ಕ್ರೋ ಪಟ್ಟಿ ಸುತ್ತಿದ ಕಡೆಗಳಲ್ಲಿ, ಪಟ್ಟಿಯ ಅಗಲಕ್ಕೆ ಸರಿಯಾಗಿ, ಬಣ್ಣ ಮೊದಲು ಮಂಕಾಗಿ ಆಮೇಲೆ ಕಿತ್ತು ಹೋಗಿತ್ತು. ಡೌನ್ ಟ್ಯೂಬಿನ ಕೆಳಭಾಗದಲ್ಲಿ, ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಹತ್ತಿರ, ಮುಂದಿನ ಚಕ್ರ ಎಸೆದ ಕಲ್ಲುಗಳಿಂದ ಚುಕ್ಕೆ ಚುಕ್ಕೆ ಏಟು. ಬಲಗಡೆಯ ಚೈನ್ ಸ್ಟೇ (ಬಾಟಮ್ ಬ್ರಾಕೆಟ್ಟಿನಿಂದ ಹಿಂದಿನ ಚಕ್ರದ ನಡುವಿಗೆ ಹೋಗುವ ಪೈಪು) ಮೇಲೆ ಚೈನ್ ಬಡಿದು ಸಣ್ಣ ಸಣ್ಣ ತಗ್ಗು. ಹಿಂದಿನ ಟೈರಿನ ಅಕ್ಕಪಕ್ಕ, ಸೀಟಿನಡಿಯಿಂದ ಹಿಂದಿನ ಚಕ್ರದ ನಡುವಿಗೆ ಇಳಿಯುವ ಸೀಟ್ ಸ್ಟೇಗಳ ಒಳಮೈಯಲ್ಲಿ, ಕೆಸರು ತುಂಬಿಕೊಂಡು ಸವೆದ ಗುರುತು. ಪೆಡಲ್ ಹಿಡಿದಿರುವ ತೋಳು, ಕ್ರ್ಯಾಂಕಿನ ಹೊರಮೈ ಶೂ ತಾಗಿ ಬಿಳಿಚಿತ್ತು.

ಸೀಟು ಕೂರುವ ಪೈಪು, ಸೀಟ್ ಟ್ಯೂಬ್ ಮಾತ್ರ ಹೊಸದರ ಹಾಗೇ ಇತ್ತು. ಹೆಡ್ ಟ್ಯೂಬಿನ ಮುಂಭಾಗ, ಡೌನ್ ಟ್ಯೂಬಿನ ಮೇಲ್ಮೈ, ಸೀಟ್ ಸ್ಟೇಗಳ ಹೊರಮೈ, ಎಲ್ಲ ಚೆನ್ನಾಗಿದ್ದವು. ಫ್ರೇಮಿನ ಅರ್ಧಕ್ಕಿಂತ ಜಾಸ್ತಿ ಜಾಗಕ್ಕೆ ಏನೂ ಆಗಿರಲಿಲ್ಲ. ಇಡೀ ಫ್ರೇಮಿಗೆ ಹಾಕುವ ಮಾತು ಅಲ್ಲಿಗೆ ನಿಂತಿತು.

ಪಟ್ಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ತುಂಬಾ ಜನ ಮೆತ್ತಗಿನ ಪಟ್ಟಿ ಏನು ಮಾಡೀತು ಅಂದುಕೊಳ್ಳುತ್ತಾರೆ. ನೈಲಾನ್ ಪಟ್ಟಿ ಬಣ್ಣವನ್ನು ಕೊರೆಯುವುದಿಲ್ಲ, ನಿಜ. ಕೊರೆಯುವುದು ಅದರ ಅಡಿಯಲ್ಲಿ ಸಿಕ್ಕಿಕೊಂಡ ಮಣ್ಣು. ಮಲೆನಾಡಿನ ಜಂಬಿಟ್ಟಿಗೆ ಮಣ್ಣಿಗೆ ಕೆಂಪು ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡು, ಆದರೆ ಅದರ ಜೊತೆ ಬೆಣಚುಕಲ್ಲಿನ ಸಣ್ಣ ಕಾಳುಗಳೂ ಇರುತ್ತವೆ. ಮೋಸ್ ಗಡಸುತನದ ಅಳತೆಯಲ್ಲಿ ಬೆಣಚುಕಲ್ಲಿಗೆ 7. ಫ್ರೇಮಿನ ಬಣ್ಣದ ಮೇಲಿನ ಪಾರದರ್ಶಕ ಲೇಪ, ಕ್ಲಿಯರ್ ಕೋಟ್, ಅದರ ಮುಂದೆ ಏನೂ ಅಲ್ಲ. ಮಳೆನೀರು ಆ ಕಾಳುಗಳನ್ನು ಪಟ್ಟಿಯ ಅಡಿಗೆ ಒಯ್ಯುತ್ತದೆ, ನೀರು ಆರುತ್ತದೆ, ಕಾಳು ಅಲ್ಲೇ ಉಳಿಯುತ್ತದೆ. ಪ್ರತಿ ಗುಂಡಿಗೂ ಬ್ಯಾಗು ಕೂದಲೆಳೆಯಷ್ಟು ಅಲ್ಲಾಡುತ್ತದೆ. ಆಗ ಪಟ್ಟಿ ಸ್ಯಾಂಡ್ ಪೇಪರ್ ಆಗಿಬಿಡುತ್ತದೆ. ಹೆಡ್ ಟ್ಯೂಬಿನ ಕೇಬಲ್ಲಿನ ಕಥೆಯೂ ಇದೇ.

ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ ಅನ್ನುವುದನ್ನು ಗಮನಿಸಿ. ಉಜ್ಜುವುದು ಒಂದು, ಬಡಿಯುವುದು ಇನ್ನೊಂದು. ಉಜ್ಜುವುದಕ್ಕೆ ಹಾಳೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಸಣ್ಣ ಕಲ್ಲು ಬಡಿದರೂ ತಡೆಯುತ್ತದೆ. ಆದರೆ ಹಾಳೆಯ ದಪ್ಪ ಸುಮಾರು 200 ಮೈಕ್ರಾನ್, ಅಂದರೆ ಮಿಲಿಮೀಟರಿನ ಐದನೇ ಒಂದು ಭಾಗ. ಚೈನ್ ಬಡಿತಕ್ಕೆ ಲೋಹವೇ ತಗ್ಗಾಗುವ ಕಡೆ ಅಷ್ಟು ತೆಳು ಹಾಳೆ ಏನು ಮಾಡೀತು? ಚೈನ್ ಸ್ಟೇಗೆ ಹಳೇ ಟೈರ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಬಿಗಿಯಾಗಿ ಸುತ್ತಿ, ತುದಿಗೆ ಜಿಪ್ ಟೈ ಹಾಕಿದೆವು. ಚೈನಿನ ಸದ್ದೂ ಕಡಿಮೆಯಾಯಿತು. ಫ್ರೇಮಿನ ಬೆಸುಗೆಗಳನ್ನೂ ಬಿಟ್ಟೆವು. ಅಲ್ಲಿ ಮೈ ಎರಡು ದಿಕ್ಕಿಗೂ ಬಾಗಿರುವುದರಿಂದ ಹಾಳೆ ಕೂರುವುದು ಕಷ್ಟ. ಅಲ್ಯೂಮಿನಿಯಂ ಫ್ರೇಮಿನಲ್ಲಿ ಬಿರುಕು ಬಂದರೆ ಸಾಮಾನ್ಯವಾಗಿ ಬೆಸುಗೆಯ ಪಕ್ಕದಲ್ಲೇ ಬರುವುದು, ಅದನ್ನು ಆಗಾಗ ಬೆರಳಾಡಿಸಿ ನೋಡುತ್ತಿರಬೇಕು. ಅದು ತೆರೆದೇ ಇರಲಿ.

ಹಾಗಾಗಿ ಹಾಳೆ ಹಾಕುವ ಜಾಗಗಳು ಇಷ್ಟಕ್ಕೆ ಇಳಿದವು: ಹೆಡ್ ಟ್ಯೂಬಿನ ಎರಡು ಪಕ್ಕ, ಟಾಪ್ ಟ್ಯೂಬಿನಲ್ಲಿ ಬ್ಯಾಗು ಕೂರುವಷ್ಟು ಉದ್ದ, ಡೌನ್ ಟ್ಯೂಬಿನ ಅಡಿ, ಸೀಟ್ ಸ್ಟೇಗಳ ಒಳಮೈ. ಜೊತೆಗೆ ಕ್ರ್ಯಾಂಕಿಗೆ ಒಂದೊಂದು ಸಣ್ಣ ತುಂಡು. ಅದು ಮುಖ್ಯವಾಗಿ ಕೈ ಪಳಗಿಸಿಕೊಳ್ಳುವುದಕ್ಕೆ.

ಹಾಳೆ

ಪಿಪಿಎಫ್ ಅನ್ನುವುದು ಕಾರಿನಿಂದ ಬಂದ ಹೆಸರು. ಇದರ ಮೂಲ ಇನ್ನೂ ಹಿಂದಿನದು. 1960ರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ಕಾಲಕ್ಕೆ, ಮರಳು ಹೊಡೆದು ಹೆಲಿಕಾಪ್ಟರ್ ರೆಕ್ಕೆಗಳ ಅಂಚು ಸವೆಯುತ್ತಿತ್ತು. ಅದನ್ನು ತಡೆಯಲು ಅಮೆರಿಕದ 3ಎಂ ಕಂಪನಿ ಪಾಲಿಯುರೆಥೇನ್ ಟೇಪ್ ತಂದಿತು. ಅದಕ್ಕೇ ಸೈಕಲ್ ಓಡಿಸುವವರು ಇವತ್ತಿಗೂ ಇದನ್ನು ಹೆಲಿಕಾಪ್ಟರ್ ಟೇಪ್ ಅನ್ನುವುದು. ಹೆಲಿಕಾಪ್ಟರಿಗೂ ನಮ್ಮ ತೋಟದ ದಾರಿಗೂ ಸಮಸ್ಯೆ ಒಂದೇ, ಹಾರಿ ಬರುವ ಗಟ್ಟಿ ಕಾಳು.

ಈಗಿನ ಒಳ್ಳೆಯ ಹಾಳೆಗಳು ಟಿಪಿಯು, ಅಂದರೆ ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್. ದಪ್ಪ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್. ರಬ್ಬರಿನ ಹಾಗೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ನಿಧಾನವಾಗಿ ವಾಪಸ್ ಬರುತ್ತದೆ. ಮೇಲಿನ ಪದರದಲ್ಲಿ ಆದ ತೆಳು ಗೀರುಗಳು ಬಿಸಿಲಿಗೆ ಅಥವಾ ಬಿಸಿನೀರಿಗೆ ತಾವಾಗಿ ಮಾಯುತ್ತವೆ. ಆಳವಾಗಿ ಕೊಯ್ದರೆ ಮಾಯುವುದಿಲ್ಲ. ಪಿಪಿಎಫ್ ಅನ್ನುವ ಹೆಸರಲ್ಲೇ ಪಿವಿಸಿ ಹಾಳೆಯೂ ಸಿಗುತ್ತದೆ, ಅಗ್ಗವಾಗಿ. ಅದು ಗಡುಸು, ಬಾಗಿದ ಕಡೆ ಕೂರುವುದಿಲ್ಲ, ಅದನ್ನು ಮೆತ್ತಗೆ ಇಡಲು ಬೆರೆಸಿದ ಅಂಶ ಕಾಲ ಕಳೆದಂತೆ ಹೊರಗೆ ಹೋಗಿ ಹಾಳೆ ಹಳದಿಯಾಗಿ ಬಿರಿಯುತ್ತದೆ. ಸಣ್ಣ ಚೂರು ಕೇಳಿ ಪಡೆದು ಎಳೆದು ನೋಡಿ. ಎಳೆದದ್ದು ಹಾಗೇ ಉದ್ದವಾಗಿ ಉಳಿದರೆ, ಅಂಚು ಬಿಳಿಚಿಕೊಂಡರೆ, ಬೇಡ. ಟಿಪಿಯುವಿನಲ್ಲೂ ಅಲಿಫ್ಯಾಟಿಕ್, ಆರೊಮ್ಯಾಟಿಕ್ ಅಂತ ಎರಡು ಬಗೆ ಇವೆ. ಆರೊಮ್ಯಾಟಿಕ್ ಬಿಸಿಲಿಗೆ ಹಳದಿಯಾಗುತ್ತದೆ. ಕೊಳ್ಳುವಾಗ ಅಲಿಫ್ಯಾಟಿಕ್ ಅಂತ ಬರೆದಿದೆಯಾ ನೋಡಿಕೊಳ್ಳಿ.

ನಾವು ರೋಲ್ ಕೊಳ್ಳಲಿಲ್ಲ. ಕಾರಿನ ಪಿಪಿಎಫ್ ರೋಲುಗಳು 1.52 ಮೀಟರ್ ಅಗಲ ಇರುತ್ತವೆ, ಕಾರಿನ ಬಾಗಿಲು ಬಾನೆಟ್ಟಿಗೆ ಕತ್ತರಿಸಿದ ಮೇಲೆ ಅಂಚಿನಲ್ಲಿ ಉದ್ದುದ್ದ ಪಟ್ಟಿಗಳು ಉಳಿಯುತ್ತವೆ. ಕಾರಿಗೆ ಅವು ಬೇಡ, ಸೈಕಲ್ಲಿಗೆ ಧಾರಾಳ. ಶಿವಮೊಗ್ಗದ ಒಂದು ಕಾರ್ ಡೀಟೇಲಿಂಗ್ ಅಂಗಡಿಯಲ್ಲಿ ಕೇಳಿದಾಗ ಸಂತೋಷದಿಂದಲೇ ಕೊಟ್ಟರು. ತರುವಾಗ ಮಡಚಬೇಡಿ, ಮಡಿಕೆಯ ಗೆರೆ ಹೋಗುವುದಿಲ್ಲ. ದಪ್ಪ ಕೊಳವೆಗೆ ಸುತ್ತಿಕೊಂಡು ಬನ್ನಿ. ಹಿಂಬದಿಯ ಕಾಗದ ಪೂರ್ತಿ ಇದೆಯಾ, ಒಂದು ಮೂಲೆ ಬಿಟ್ಟುಕೊಂಡು ಧೂಳು ಹಿಡಿದಿದೆಯಾ ನೋಡಿ.

ತೂಕದ ಚಿಂತೆ ಇರುವವರಿಗೆ ಒಂದು ಲೆಕ್ಕ. 200 ಮೈಕ್ರಾನಿನ ಟಿಪಿಯು ಒಂದು ಚದರ ಮೀಟರಿಗೆ ಸುಮಾರು 240 ಗ್ರಾಂ ಬರುತ್ತದೆ, ಅಂಟು ಬೇರೆ. ಡೌನ್ ಟ್ಯೂಬಿನ ಅಡಿಗೆ 50 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ತುಂಡು ಅಂದರೆ 12 ಗ್ರಾಂ. ಚಿಂತೆ ಬೇಡ ಅಲ್ವಾ?

ಮ್ಯಾಟ್ ಬಣ್ಣದ ಫ್ರೇಮ್ ಇದ್ದರೆ ಮ್ಯಾಟ್ ಹಾಳೆಯೇ ಬೇಕು. ಹೊಳೆಯುವ ಹಾಳೆ ಹಾಕಿದರೆ ಅಷ್ಟು ಭಾಗ ಹೊಳೆಯುತ್ತದೆ. ಮತ್ತೆ, ಫ್ರೇಮಿಗೆ ಈಚೆಗೆ ಸ್ಪ್ರೇ ಬಣ್ಣ ಹೊಡೆಸಿದ್ದರೆ ತಿಂಗಳಾದರೂ ಬಿಡಿ. ಒಳಗಿನ ದ್ರಾವಕ ಪೂರ್ತಿ ಆರದಿದ್ದರೆ ಹಾಳೆಯಡಿ ಗುಳ್ಳೆ ಏಳುತ್ತದೆ.

ಅಳತೆ ಕಾಗದ

ಇಡೀ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕೊಟ್ಟದ್ದು ಇದಕ್ಕೆ, ನೀವೂ ಕೊಡಿ.

ಹಳೇ ಕಾಲದ ಸ್ಟೀಲ್ ಫ್ರೇಮ್ ಆಗಿದ್ದರೆ ಲೆಕ್ಕ ಸುಲಭ. ಪೈಪು ಉದ್ದಕ್ಕೂ ದುಂಡಗೆ ಒಂದೇ ಗಾತ್ರ. 28.6 ಮಿಲಿಮೀಟರ್ ಪೈಪಿನ ಸುತ್ತಳತೆ 90 ಮಿಲಿಮೀಟರ್, 31.8ರದ್ದಾದರೆ 100. ಆಯತವಾಗಿ ಕತ್ತರಿಸಿದರೆ ಮುಗಿಯಿತು. ಈಗಿನ ಅಲ್ಯೂಮಿನಿಯಂ, ಕಾರ್ಬನ್ ಫ್ರೇಮುಗಳು ಹಾಗಲ್ಲ. ಈ ಸೈಕಲ್ಲಿನ ಡೌನ್ ಟ್ಯೂಬ್ ಹೆಡ್ ಟ್ಯೂಬಿನ ಹತ್ತಿರ ಎತ್ತರಕ್ಕೆ, ಮಧ್ಯದಲ್ಲಿ ದುಂಡಗೆ, ಬಾಟಮ್ ಬ್ರಾಕೆಟ್ ಹತ್ತಿರ ಅಗಲವಾಗಿ ಚಪ್ಪಟೆ. ಆಯತ ಕತ್ತರಿಸಿದರೆ ಒಂದು ಕಡೆ ಸಾಲದು, ಇನ್ನೊಂದು ಕಡೆ ಹೆಚ್ಚು.

ಅದಕ್ಕೆ ನಾವು ಮಾಸ್ಕಿಂಗ್ ಟೇಪ್ ಬಳಸಿದೆವು. ಹಾಳೆ ಎಲ್ಲೆಲ್ಲಿ ಬರಬೇಕೋ ಅಷ್ಟೂ ಜಾಗಕ್ಕೆ ಟೇಪನ್ನು ಒಂದರ ಮೇಲೊಂದು ಅಂಚು ಬರುವಂತೆ ಅಂಟಿಸುವುದು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಅಂಚಿನ ಗೆರೆ ಎಳೆಯುವುದು, ಪೈಪಿನ ನಡುಗೆರೆಯನ್ನೂ ಎಳೆಯುವುದು, ಮುಂದಿನ ದಿಕ್ಕಿಗೆ ಬಾಣ ಹಾಕುವುದು. ಆಮೇಲೆ ಇಡೀ ಟೇಪನ್ನು ಒಂದೇ ತುಂಡಾಗಿ ನಿಧಾನಕ್ಕೆ ಬಿಡಿಸಿ ದಪ್ಪ ಕಾಗದದ ಮೇಲೆ ಚಪ್ಪಟೆಯಾಗಿ ಅಂಟಿಸಿದರೆ ಆ ಪೈಪಿನ ನಿಜವಾದ ಆಕಾರ ಕೈಗೆ ಸಿಗುತ್ತದೆ. ಚಪ್ಪಟೆ ಮಾಡುವಾಗ ಎಲ್ಲಾದರೂ ಸುಕ್ಕು ಬಂದರೆ ಅಲ್ಲಿ ಮೈ ಎರಡು ದಿಕ್ಕಿಗೂ ಬಾಗಿದೆ ಅಂತ ಅರ್ಥ. ಹಾಳೆಯೂ ಅಲ್ಲೇ ಸತಾಯಿಸುತ್ತದೆ. ಈಗಲೇ ಗೆರೆಯನ್ನು ಒಳಗೆ ತಂದು ಆ ಜಾಗ ಬಿಟ್ಟುಬಿಡಿ.

ಅಂಚು ಎಲ್ಲಿ ಬರಬೇಕು ಅನ್ನುವುದು ಹಾಳೆಯ ಆಯಸ್ಸನ್ನೇ ನಿರ್ಧರಿಸುತ್ತದೆ. ಬೆಸುಗೆ, ಕೇಬಲ್ ಒಳಗೆ ಹೋಗುವ ತೂತು, ಬಾಟಲಿ ಬೋಲ್ಟು, ನೀರು ಬಸಿಯುವ ರಂಧ್ರ, ಇವುಗಳಿಂದ 3 ಮಿಲಿಮೀಟರ್ ಆದರೂ ದೂರ. ಮುಂದಿನ ಚಕ್ರ ಕೆಸರು ಎಸೆಯುವ ದಿಕ್ಕಿಗೆ ಅಡ್ಡವಾಗಿ ಅಂಚು ಬರಬಾರದು. ಟಾಪ್ ಟ್ಯೂಬನ್ನು ಪೂರ್ತಿ ಸುತ್ತುವಾಗ ಹಾಳೆಯ ಮೇಲೆ ಹಾಳೆ ಬರುವಂತೆ ಮಾಡಬೇಡಿ, ಮೇಲಿನ ತುದಿ ಎದ್ದು ಮಣ್ಣು ಹಿಡಿಯುತ್ತದೆ. ಎರಡು ಅಂಚುಗಳ ನಡುವೆ 2 ಮಿಲಿಮೀಟರ್ ಬಿಟ್ಟು, ಆ ಸಂದನ್ನು ಪೈಪಿನ ಅಡಿಗೆ ತನ್ನಿ. ಮೂಲೆಗಳು ಚೂಪಾಗಿ ಇರಲೇಬಾರದು. ಒಂದು ರೂಪಾಯಿ ನಾಣ್ಯ ಇಟ್ಟು ಎಲ್ಲ ಮೂಲೆಯನ್ನೂ ದುಂಡು ಮಾಡಿ. ಚೂಪು ಮೂಲೆ ಬಟ್ಟೆಗೆ ಸಿಕ್ಕಿ ಏಳುತ್ತದೆ, ಒಂದು ಮೂಲೆ ಎದ್ದರೆ ಮಿಕ್ಕದ್ದೂ ಹಿಂದೆಯೇ ಬರುತ್ತದೆ.

ಹೆಡ್ ಟ್ಯೂಬಿನಲ್ಲಿ ಕೇಬಲ್ ನಿಖರವಾಗಿ ಎಲ್ಲಿ ತಾಗುತ್ತದೆ ಅಂತ ಹೇಗೆ ತಿಳಿಯುವುದು? ಕೇಬಲ್ಲಿಗೆ ಚಾಕ್‌ಪೀಸ್ ಚೆನ್ನಾಗಿ ಉಜ್ಜಿ. ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಕಡು ಹಸಿರಿನ ಮೇಲೆ ಬಿಳಿ ಗೆರೆ ಬೀಳುತ್ತದೆ. ಭಾಮೈದನಿಗೆ ಇದು ಬಹಳ ಇಷ್ಟವಾಯಿತು, ಕ್ರ್ಯಾಂಕಿಗೂ ಚಾಕ್ ಬಳಿದು ತೋಟದ ಗೇಟಿನವರೆಗೆ ಹೋಗಿ ಬಂದು, ಶೂ ಎಲ್ಲಿ ತಾಗುತ್ತದೆ ಅಂತ ತೋರಿಸಿದ. ತಾಗುವ ಜಾಗ ಗೊತ್ತಾದರೆ ಅದರ ಸುತ್ತ ಒಂದು ಬೆರಳು ಹೆಚ್ಚು ಇಟ್ಟು ಕತ್ತರಿಸಬಹುದು.

ಕತ್ತರಿಸುವುದು ಯಾವಾಗಲೂ ಮೇಜಿನ ಮೇಲೆ, ಗಾಜಿನ ಮೇಲಾದರೆ ಇನ್ನೂ ಒಳ್ಳೆಯದು. ಹೊಸ ಬ್ಲೇಡ್. ಫ್ರೇಮಿನ ಮೇಲೆ ಹಾಳೆ ಇಟ್ಟು ಕತ್ತರಿಸಬೇಡಿ ಅಂತ ಎಷ್ಟು ಒತ್ತಿ ಹೇಳಿದರೂ ಸಾಲದು. ಬಣ್ಣದಲ್ಲಿ ಬೀಳುವ ಕೊಯ್ತ ಕಣ್ಣಿಗೆ ಕಾಣದಿರಬಹುದು, ಅಲ್ಲಿಂದ ನೀರು ಇಳಿಯುತ್ತದೆ, ಕಾರ್ಬನ್ನಿನಲ್ಲಾದರೆ ನಾರೇ ಕತ್ತರಿಸಿ ಹೋಗಬಹುದು. ಇನ್ನೊಂದು ಸಂಗತಿ: ಹಿಂಬದಿಯ ಕಾಗದದ ಮೇಲೆ ಆಕಾರ ಬರೆದರೆ ಅದು ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲು ಬದಲಾಗುತ್ತದೆ. ಹೆಡ್ ಟ್ಯೂಬ್, ಸೀಟ್ ಸ್ಟೇಗಳಿಗೆ ಇದು ಮುಖ್ಯ. ಪ್ರತಿ ತುಂಡಿನ ಕಾಗದದ ಮೇಲೂ ಎಡ, ಬಲ, ಮೇಲೆ ಅಂತ ಬರೆದಿಡಿ.

ತೊಳೆಯುವುದು

ಚಕ್ರ ಎರಡೂ ಬಿಚ್ಚಿ ಬೇರೆ ಕೋಣೆಯಲ್ಲಿಡಿ. ಡಿಸ್ಕಿಗೆ ಸೋಪು, ಶಾಂಪೂ, ಎಣ್ಣೆ ಏನು ಹಾರಿದರೂ ಬ್ರೇಕು ಕೆಡುತ್ತದೆ.

ಮೊದಲು ಶಾಂಪೂ ನೀರು. ಟಾರು ಅಂಟಿದ್ದರೆ ಬಟ್ಟೆಗೆ ತುಸು ಸೀಮೆಎಣ್ಣೆ ಹಾಕಿ ಒರೆಸಿ, ಮತ್ತೆ ಶಾಂಪೂ. ಹೊಸ ಸೈಕಲ್ಲಾದರೂ ಇದು ಬೇಕು. ಅಂಗಡಿಯಲ್ಲಿ ಹೊಳಪಿಗೆ ಅಂತ ಸಿಲಿಕೋನ್ ಸ್ಪ್ರೇ ಹೊಡೆದಿರುತ್ತಾರೆ, ಅದರ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್, ಮೊಬೈಲ್ ರಿಪೇರಿಯವರು ಬಳಸುವ ಐಪಿಎ. ಮೈಕ್ರೋಫೈಬರ್ ಬಟ್ಟೆಗೆ ಹಾಕಿ ಒರೆಸಿ, ಬಟ್ಟೆ ಮಡಚಿ ಹೊಸ ಮೈಯಿಂದ ಮತ್ತೊಮ್ಮೆ ಒರೆಸಿ. ಕೈಗೆ ಹಾಕುವ ಸ್ಯಾನಿಟೈಸರ್ ಆಗುವುದಿಲ್ಲ. ಅದರಲ್ಲಿ ಚರ್ಮ ಒಣಗದಿರಲಿ ಅಂತ ಗ್ಲಿಸರಿನ್ ಬೆರೆಸಿರುತ್ತಾರೆ, ಆ ಜಿಡ್ಡು ಅಲ್ಲೇ ಉಳಿಯುತ್ತದೆ.

ಒರೆಸಿದ ಮೇಲೆ ಉಗುರಿನಿಂದ ಫ್ರೇಮಿನ ಅಕ್ಷರಗಳನ್ನು ಮುಟ್ಟಿ ನೋಡಿ. ಅಂಚು ಸಿಕ್ಕರೆ ಅದು ಮೇಲೆ ಅಂಟಿಸಿದ ಸ್ಟಿಕರ್. ಮುಂದೆ ಹಾಳೆ ಕೀಳುವಾಗ ಅದೂ ಕಿತ್ತು ಬರುತ್ತದೆ. ಈ ಫ್ರೇಮಿನಲ್ಲಿ ಅಕ್ಷರಗಳು ಕ್ಲಿಯರ್ ಕೋಟಿನ ಅಡಿಗಿದ್ದವು.

ಜಾಗವೂ ಮುಖ್ಯ. ಜಗುಲಿಯಲ್ಲಿ ಬೆಳಕು ಚೆನ್ನಾಗಿರುತ್ತದೆ ನಿಜ, ಆದರೆ ರಸ್ತೆಯ ಧೂಳು ಬರುತ್ತದೆ, ಸಂಜೆಯಾದರೆ ದೀಪಕ್ಕೆ ಹುಳು ಮುತ್ತುತ್ತವೆ. ಹಾಳೆಯಡಿ ಸಿಕ್ಕ ಹುಳು ಅಲ್ಲೇ ಉಳಿಯುತ್ತದೆ. ಬಚ್ಚಲು ಮನೆಯಲ್ಲಿ ಧೂಳಿಲ್ಲ, ಆದರೆ ಹಂಡೆಯ ಒಲೆಯ ಮಸಿ ಇದೆ, ಬೆಂಕಿಯ ಹತ್ತಿರ ಆಲ್ಕೋಹಾಲ್ ಅಂತೂ ಕೂಡದು. ಕೊನೆಗೆ ಒಳಗಿನ ಕೋಣೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಆರಿಸಿ, ಫ್ರೇಮನ್ನು ತೊಲೆಗೆ ಹಗ್ಗದಲ್ಲಿ ಎದೆಯ ಎತ್ತರಕ್ಕೆ ತೂಗುಹಾಕಿ, ಹಗಲಿನಲ್ಲೇ ಮಾಡಿದೆವು.

ಅಂಟಿಸುವುದು

ಎರಡು ಸ್ಪ್ರೇ ಬಾಟಲಿ ಬೇಕು. ಒಂದರಲ್ಲಿ ಒಂದು ಲೀಟರ್ ನೀರಿಗೆ ಕೆಲವೇ ಹನಿ ಬೇಬಿ ಶಾಂಪೂ. ಇದು ಹಾಳೆ ಜಾರುವುದಕ್ಕೆ. ಇನ್ನೊಂದರಲ್ಲಿ ನಾಲ್ಕು ಪಾಲು ನೀರು, ಒಂದು ಪಾಲು ಐಪಿಎ. ಇದು ಶಾಂಪೂವನ್ನು ತೊಳೆದು ಅಂಟು ಹಿಡಿಯುವುದಕ್ಕೆ. ಬಾವಿ ನೀರಾದರೆ ಕುದಿಸಿ ಆರಿಸಿ ಬಟ್ಟೆಯಲ್ಲಿ ಸೋಸಿ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಇರುವವರು ಆರ್‌ಒ ನೀರು ಬಳಸಿ, ಗಡಸು ನೀರಿನ ಸುಣ್ಣದ ಕಲೆ ಹಾಳೆಯಡಿ ಉಳಿದರೆ ತೆಗೆಯಲು ಬರುವುದಿಲ್ಲ.

ಕ್ರ್ಯಾಂಕಿನಿಂದ ಶುರು ಮಾಡಿದೆವು. ಚಪ್ಪಟೆ ಮೈ, ಸಣ್ಣ ತುಂಡು. ಫ್ರೇಮಿಗೆ ಧಾರಾಳವಾಗಿ ಶಾಂಪೂ ನೀರು ಹೊಡೆಯಿರಿ, ನಿಮ್ಮ ಬೆರಳಿಗೂ ಹೊಡೆದುಕೊಳ್ಳಿ. ಒಣ ಬೆರಳು ಅಂಟಿಗೆ ತಾಗಿದರೆ ಗುರುತು ಅಲ್ಲೇ ಕೂರುತ್ತದೆ. ಕಾಗದ ಬಿಡಿಸುತ್ತಾ ಬಿಡಿಸುತ್ತಾ ಅಂಟಿನ ಮೈಗೂ ಸ್ಪ್ರೇ ಮಾಡುತ್ತಾ ಹೋಗಿ. ಹಾಳೆಯನ್ನು ಇಟ್ಟು, ಜಾರಿಸಿ, ಗೆರೆಗೆ ಸರಿಹೊಂದಿಸಿ. ಸರಿಬಂದಿಲ್ಲವಾ, ಎತ್ತಿ ಮತ್ತೆ ಇಡಿ, ಒದ್ದೆ ಇರುವಷ್ಟು ಹೊತ್ತೂ ಅವಸರವಿಲ್ಲ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ನೀರು ತಳ್ಳಬೇಕು. ಮೆತ್ತನೆಯ ರಬ್ಬರ್ ಸ್ಕ್ವೀಜಿ ಇದ್ದರೆ ಸರಿ, ಇಲ್ಲದಿದ್ದರೆ ಹಳೇ ಎಟಿಎಂ ಕಾರ್ಡಿಗೆ ಮೈಕ್ರೋಫೈಬರ್ ಬಟ್ಟೆ ಸುತ್ತಿಕೊಳ್ಳಿ. ಪೈಪು ಸಣ್ಣದಾದರೆ ಬಟ್ಟೆ ಹಿಡಿದ ಹೆಬ್ಬೆರಳೇ ಸಾಕು.

ಡೌನ್ ಟ್ಯೂಬಿನ ಉದ್ದ ತುಂಡಿಗೆ ಇಬ್ಬರು ಬೇಕೇ ಬೇಕು. ಒಬ್ಬರೇ ಹಿಡಿದರೆ ಅಂಟಿಗೆ ಅಂಟು ತಾಗಿ ಮುದುಡಿಕೊಳ್ಳುತ್ತದೆ. ಸೈಕಲ್ಲನ್ನು ತಲೆಕೆಳಗೆ ತೂಗುಹಾಕಿದ್ದರಿಂದ ಅಡಿಭಾಗ ಮೇಲಕ್ಕೆ ಬಂತು. ಅವನು ಹೆಡ್ ಟ್ಯೂಬಿನ ತುದಿ ಹಿಡಿದ, ನಾನು ಬಾಟಮ್ ಬ್ರಾಕೆಟ್ಟಿನ ತುದಿ. ನಡುಗೆರೆಯನ್ನು ಪೈಪಿನ ನಡುವಿಗೆ ಕೂರಿಸಿ, ಮೊದಲು ನಡುಗೆರೆಯ ಉದ್ದಕ್ಕೂ ಮಾತ್ರ ನೀರು ತೆಗೆದೆವು. ಅದು ಹಿಡಿದ ಮೇಲೆ ಎಡ ಬಲ ಪಕ್ಕಗಳಿಗೆ ಇಳಿದೆವು. ಪಕ್ಕಕ್ಕೆ ಒಮ್ಮೆಲೇ ಹೋದರೆ ಹಾಳೆ ಓರೆಯಾಗುತ್ತದೆ, ಪೈಪು ಉದ್ದ ಇರುವುದರಿಂದ ಒಂದು ತುದಿಯ ಒಂದು ಮಿಲಿಮೀಟರ್ ಓರೆ ಇನ್ನೊಂದು ತುದಿಗೆ ಹೋಗುವ ಹೊತ್ತಿಗೆ ಬೆರಳಗಲ ಆಗಿರುತ್ತದೆ.

ಚಪ್ಪಟೆಯಾಗುವ ಕಡೆ, ಬಾಟಮ್ ಬ್ರಾಕೆಟ್ ಹತ್ತಿರ, ಅಂಚಿನಲ್ಲಿ ಸಣ್ಣ ಸುಕ್ಕುಗಳು ನಿಂತವು. ಇದು ಸಹಜ, ಅಲ್ಲಿ ಹಾಳೆ ಜಾಸ್ತಿ, ಜಾಗ ಕಡಿಮೆ. ಒತ್ತಿ ಮಡಚಿ ಕೂರಿಸಲು ಹೋಗಬಾರದು. ಅಂಚನ್ನು ಎತ್ತಿ, ಐಪಿಎ ನೀರು ಹೊಡೆದು, ಹೇರ್ ಡ್ರೈಯರಿನ ಮಧ್ಯಮ ಬಿಸಿಯಲ್ಲಿ ಹಾಳೆಯನ್ನು ಬೆಚ್ಚಗೆ ಮಾಡಿ, ಉದ್ದದ ದಿಕ್ಕಿಗೆ ತುಸು ಎಳೆದು ಸುಕ್ಕನ್ನು ಹರಡಿ, ಮತ್ತೆ ಒತ್ತಬೇಕು. ಕೈ ಇಟ್ಟರೆ ಸಹಿಸುವಷ್ಟು ಬಿಸಿ ಸಾಕು. ಬಿಸಿ ಕೊಡುವಾಗ ಐಪಿಎ ಬಾಟಲಿ ದೂರವಿರಲಿ, ಹೊಡೆದದ್ದೂ ಆರಿರಲಿ.

ಹೆಡ್ ಟ್ಯೂಬಿನ ತುಂಡುಗಳು ಅಂಗೈಗಿಂತ ಚಿಕ್ಕವು. ಆದರೆ ಕೇಬಲ್ಲುಗಳ ಹಿಂದೆ ಕೈ ಹೋಗುವುದೇ ಕಷ್ಟ. ಹ್ಯಾಂಡಲ್ಲನ್ನು ಒಂದು ಪಕ್ಕಕ್ಕೆ ತಿರುಗಿಸಿ ಕಟ್ಟಿ, ಆಚೆ ಪಕ್ಕ ಮಾಡಿ, ಆಮೇಲೆ ತಿರುಗಿಸಿ ಕಟ್ಟಿ ಈಚೆ ಪಕ್ಕ ಮಾಡಿದೆವು. ಟಾಪ್ ಟ್ಯೂಬ್ ಸಲೀಸಾಗಿ ಆಯಿತು. ಸೀಟ್ ಸ್ಟೇ ಒಳಮೈ ಇಕ್ಕಟ್ಟು, ಚಕ್ರ ಇಲ್ಲದಿದ್ದರೂ ಇಕ್ಕಟ್ಟೇ.

ಎಲ್ಲ ಮುಗಿದ ಮೇಲೆ ಕಾಲು ಗಂಟೆ ಬಿಟ್ಟು ಎಲ್ಲ ಅಂಚುಗಳನ್ನೂ ಮತ್ತೊಂದು ಸುತ್ತು ಬಿಸಿ ಕೊಟ್ಟು ಒತ್ತಿದೆವು. ನೀರಿನ ಸಣ್ಣ ಗುಳ್ಳೆ, ಮಂಜು ಕವಿದಂತೆ ಕಾಣುವುದು, ಇದಕ್ಕೆಲ್ಲ ಹೆದರಬೇಡಿ, ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಗಾಳಿಯ ಗುಳ್ಳೆಯಾದರೆ ಹೋಗುವುದಿಲ್ಲ, ಸಣ್ಣ ಸೂಜಿಯಿಂದ ಹಾಳೆಗೆ ಮಾತ್ರ ಓರೆಯಾಗಿ ಚುಚ್ಚಿ ಒತ್ತಿ. ಒಂದು ದಿನ ಓಡಿಸಬೇಡಿ, ಒಂದು ವಾರ ತೊಳೆಯಬೇಡಿ.

ಒಂದು ಮಳೆಗಾಲ ಕಳೆದ ಮೇಲೆ

ಹೆಡ್ ಟ್ಯೂಬಿನ ತುಂಡುಗಳಲ್ಲಿ ಕೇಬಲ್ ಉಜ್ಜಿದ ಗುರುತು ಮಂಕಾಗಿ ಬಿದ್ದಿದೆ. ಹಳೇ ಫ್ರೇಮಿನಲ್ಲಿ ಲೋಹ ಕಂಡ ಅದೇ ಅರ್ಧಚಂದ್ರ, ಈಗ ಹಾಳೆಯ ಮೇಲೆ. ಅಡಿಯ ಬಣ್ಣಕ್ಕೆ ಏನೂ ಆಗಿಲ್ಲ. ಡೌನ್ ಟ್ಯೂಬಿನ ಅಡಿಯಲ್ಲಿ ಒಂದೆರಡು ಕಡೆ ಕಲ್ಲು ಹಾಳೆಯನ್ನು ಕೊಯ್ದಿದೆ, ಒಂದು ಕೂಡ ಬಣ್ಣದವರೆಗೆ ಹೋಗಿಲ್ಲ.

ಟಾಪ್ ಟ್ಯೂಬಿನಲ್ಲಿ ಪಟ್ಟಿಗಳಡಿಯ ಹಾಳೆ ಹೊಳಪು ಪೂರ್ತಿ ಕಳೆದುಕೊಂಡು ಬೆಳ್ಳಗಾಗಿದೆ. ನನಗೆ ಇದು ಎಲ್ಲಕ್ಕಿಂತ ದೊಡ್ಡ ಪುರಾವೆ. ಅಷ್ಟೂ ಸವೆತ ಇಲ್ಲದಿದ್ದರೆ ಬಣ್ಣದ ಮೇಲೆ ಆಗುತ್ತಿತ್ತು. ಬಿಸಿನೀರು ಸುರಿದರೂ ಅದು ಹೋಗಲಿಲ್ಲ, ಒಂದೊಂದು ಗೀರಾದರೆ ಹೋದೀತು, ಇದು ಇಡೀ ಮೇಲ್ಪದರವೇ ಸವೆದದ್ದು. ನೋಡಲು ಚೆಂದ ಕಾಣದಿದ್ದರೂ ಇನ್ನೊಂದು ವರ್ಷ ಬಿಡಬಹುದು. ಪಟ್ಟಿ ಬಿಚ್ಚಿ ಅಡಿಯ ಮಣ್ಣು ಒರೆಸುತ್ತಿದ್ದರೆ ಇನ್ನೂ ಬಾಳಿಕೆ ಬರುತ್ತದೆ, ಅದನ್ನಂತೂ ಅವನಿಗೆ ಹೇಳಿದ್ದೇನೆ.

ಸೀಟ್ ಸ್ಟೇ ಒಳಮೈಯ ತುಂಡುಗಳು ಮಾತ್ರ ನಿಲ್ಲಲಿಲ್ಲ. ಟೈರಿಗೂ ಪೈಪಿಗೂ ನಡುವೆ ಕೆಸರು ಗಟ್ಟಿಯಾಗಿ ತುಂಬಿಕೊಳ್ಳುತ್ತದೆ, ಚಕ್ರ ತಿರುಗುವಾಗ ಆ ಕೆಸರು ಹಾಳೆಯ ಅಂಚನ್ನೇ ಹಿಡಿದು ಎಳೆಯುತ್ತದೆ. ಬಲಗಡೆಯದ್ದು ಅಂಚಿನಿಂದ ಎದ್ದು ಒಳಗೆ ಕಪ್ಪು ಗೆರೆ ಬಂದಿತ್ತು. ಹಾಗೆ ಎದ್ದದ್ದನ್ನು ಮತ್ತೆ ಅಂಟಿಸುವುದ್ಯಾಕೆ? ಒಳಗೆ ಸೇರಿದ ಮಣ್ಣು ಅಲ್ಲೇ ಉಳಿದು ಹಾಳೆಯಡಿಯಲ್ಲೇ ಉಜ್ಜುತ್ತದೆ. ಎರಡನ್ನೂ ತೆಗೆದೆವು. ಅಲ್ಲಿ ಬೇಕಿರುವುದು ಮಡ್‌ಗಾರ್ಡ್, ಅಥವಾ ಮಳೆಗಾಲಕ್ಕೆ ಇನ್ನೂ ಸಪೂರ ಟೈರ್. 40 ಮಿಲಿಮೀಟರ್ ಟೈರಿನ ಬದಲು 35ರದ್ದು ಹಾಕಿದರೆ ಎರಡೂ ಪಕ್ಕ ಎರಡೂವರೆ ಮಿಲಿಮೀಟರ್ ಜಾಗ ಹೆಚ್ಚುತ್ತದೆ, ಕೆಸರು ಬಿದ್ದು ಹೋಗಲು ಅದು ಬಹಳ ಆಯಿತು. ಅವನು ಅದನ್ನೇ ಮಾಡುತ್ತಿದ್ದಾನೆ.

ತೊಳೆಯುವ ವಿಷಯದಲ್ಲಿ ಒಂದು ಎಚ್ಚರ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರನ್ನು ಅಂಚಿಗೆ ನೇರ ಹಿಡಿಯಬೇಡಿ. ಬಕೆಟ್ಟು, ಸ್ಪಂಜು ಸಾಕು. ಪ್ರೆಶರ್ ನೀರು ಅಂಚಿಗೆ ಮಾತ್ರವಲ್ಲ, ಬೇರಿಂಗಿಗೂ ಕೆಟ್ಟದ್ದೇ.

ತೆಗೆಯುವ ರೀತಿ ಹೇಳಿಬಿಡುತ್ತೇನೆ, ಸೀಟ್ ಸ್ಟೇದು ತೆಗೆದದ್ದೂ ಹೀಗೆಯೇ. ಹೇರ್ ಡ್ರೈಯರಿನಲ್ಲಿ ಚೆನ್ನಾಗಿ ಬೆಚ್ಚಗೆ ಮಾಡಿ, ಒಂದು ಮೂಲೆ ಎಬ್ಬಿಸಿ, ಮೇಲಕ್ಕೆ ಎಳೆಯದೆ ಹಾಳೆಯನ್ನು ಅದರ ಮೇಲೇ ಹಿಂದಕ್ಕೆ ಮಡಚಿದಂತೆ ಹಿಡಿದು ನಿಧಾನವಾಗಿ ಎಳೆಯಿರಿ. ತಣ್ಣಗಿರುವಾಗ ಝಾಡಿಸಿ ಎಳೆದರೆ ಅಂಟು ಫ್ರೇಮಿನ ಮೇಲೆ ಉಳಿಯುತ್ತದೆ, ಮತ್ತೆ ಬಣ್ಣ ಹೊಡೆಸಿದ ಫ್ರೇಮಾದರೆ ಬಣ್ಣವೇ ಬರಬಹುದು. ಉಳಿದ ಅಂಟನ್ನು ಐಪಿಎ ಹಾಕಿ ಉಜ್ಜಿದರೆ ಹೋಗುತ್ತದೆ, ಬ್ಲೇಡ್ ಮುಟ್ಟಿಸಬೇಡಿ. ಕಾಗದದ ಅಳತೆಗಳನ್ನು ಎಸೆಯಬೇಡಿ. ಟಾಪ್ ಟ್ಯೂಬಿನದ್ದು ಮುಂದಿನ ವರ್ಷ ಬದಲಾಯಿಸಬೇಕಾಗುತ್ತದೆ. ಅದರ ಅಳತೆ ಕಾಗದ, ಉಳಿದ ಹಾಳೆಯ ಜೊತೆ, ಅದೇ ಕೊಳವೆಯಲ್ಲಿ ಸುತ್ತಿಟ್ಟಿದ್ದೇವೆ.